ಯಾರೂ ಎತ್ತದ ಕೀರ್ತನೆ

ನಮ್ಮ ಚರ್ಚಿನಲ್ಲಿ ವಾದ್ಯವಿಲ್ಲ. ಪಾದ್ರಿ ಕೀರ್ತನೆಯ ಸಂಖ್ಯೆ ಹೇಳಿ ಒಂದು ಚರಣ ಓದುತ್ತಾರೆ. ಬೆಂಚುಗಳ ನಡುವಿನಿಂದ ಯಾರಾದರೂ ಅದನ್ನು ಎತ್ತಬೇಕು. ಎತ್ತಿದವರ ಶ್ರುತಿಗೆ ಊರು ಸೇರಿಕೊಳ್ಳುತ್ತದೆ. ನಾವಿರುವ ಹಾಪಾಯ್ ದ್ವೀಪಗಳಲ್ಲೆಲ್ಲ ಹೀಗೇ. ನಮ್ಮೂರಲ್ಲಿ ಎತ್ತುವವಳು ನನ್ನ ಸೋದರತ್ತೆ ಕಾಲೊಲೈನೆ. ಬೇರೆ ಯಾರಾದರೂ ಅವಸರಪಟ್ಟರೆ ಶ್ರುತಿ ತೀರಾ ಮೇಲೆ ಹೋಗಿ, ಮೂರನೇ ಸಾಲಿನಲ್ಲಿ ಹೆಂಗಸರು ಕಿರುಚುವಂತಾಗುತ್ತಿತ್ತು.

ಆ ವರ್ಷದ ಚಂಡಮಾರುತ ಅತ್ತೆಯ ಮನೆಯ ಚಾವಣಿಯನ್ನು ಕೊಂಡೊಯ್ದಿತು. ವಿಧವೆಯರಿಗೆ ಮೊದಲು ಕೊಡಿ ಎಂದು ಹಡಗಿನಲ್ಲಿ ತಗಡುಗಳು ಬಂದವು. ಚರ್ಚಿನ ಹಿಂದಿನ ಕೊಠಡಿಯಲ್ಲಿ ಇಳಿಸಿದ್ದನ್ನು ಎಲ್ಲರೂ ನೋಡಿದೆವು. ಸ್ವಲ್ಪ ದಿನಕ್ಕೆ ಪಾದ್ರಿ ತುಇಫುವಾ ಅವರ ಅಡುಗೆಮನೆ ಹೊಸ ತಗಡು ಹೊದ್ದು ಹೊಳೆಯಿತು. ಅವರ ಭಾವಮೈದುನನ ಮನೆಯೂ ಹೊಳೆಯಿತು. ವಿಧವೆಯಾದ ಅತ್ತೆ ಹೋಗಿ ಕೇಳಿದಾಗ ಪಾದ್ರಿ, ಮುಗಿದುಹೋಯಿತು ಎಂದರು. ಮರುವಾರದ ಬೋಧನೆಯಲ್ಲಿ, ದೇವರು ತಮ್ಮ ಚಾವಣಿಯನ್ನೇ ಏಕೆ ತೆಗೆದನೆಂದು ಕೆಲವರು ತಮ್ಮನ್ನೇ ಕೇಳಿಕೊಳ್ಳಲಿ ಎಂದರು.

ಆ ದಿನವೂ ಅತ್ತೆ ಕೊನೆಯ ಕೀರ್ತನೆ ಎತ್ತಿದಳು. ನಾನು ಎದ್ದು ಹೊರಗೆ ಬಂದೆ. ದೂರದ ಸುವಾ ನಗರದಲ್ಲಿ ಪದವಿ ಮುಗಿಸಿ ಬಂದು ಊರ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನನಗೆ ಅಂದಿನಿಂದ, ಚರ್ಚಿಗೆ ಹೋಗದೆ, ಭಾನುವಾರಗಳು ಉದ್ದವಾದವು. ನಾನೂ ಅತ್ತೆಯೂ ಇದ್ದ ಮನೆಯಲ್ಲಿ, ಚಾವಣಿಯ ಬದಲು ಕಟ್ಟಿದ್ದ ಟಾರ್ಪಾಲಿನ ಕೆಳಗೆ ಕೂತು, ತೆಂಗಿನ ಸಾಲಿನಾಚೆಯಿಂದ ಬರುವ ಹಾಡು ಕೇಳುತ್ತಿದ್ದೆ. ಹಾಡು ನಿಂತ ಮೇಲಿನ ಮೌನವನ್ನೂ ಕೇಳುತ್ತಿದ್ದೆ. ಅದರಲ್ಲಿ ದೇವರು ಇದ್ದಾನೋ ಇಲ್ಲವೋ ನನಗೆ ತಿಳಿಯುತ್ತಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ, ಅತ್ತೆ ಮರುದಿನದ ಅಡುಗೆಗೆ ಕಾಯಿ ತುರಿಯುತ್ತಿದ್ದಾಗ ಪಕ್ಕದ ಮನೆಯ ಸಿಯೋಸಾಯಾ ಬಂದ. ಮೀನು ಹಿಡಿಯುವವನು. ಅವನ ಮಂದ್ರದ ದನಿಗೆ ಬೆಂಚು ಅದುರುತ್ತದೆ ಎಂದು ನಾವು ಆಡಿಕೊಳ್ಳುತ್ತಿದ್ದೆವು.

"ಅಕ್ಕಾ, ಎಲ್ರೂ ಮಾತಾಡ್ಕೊಂಡಿದೀವಿ. ನಾಳೆ ಪಾದ್ರಿ ಹೇಳಿದ ಕೀರ್ತನೆ ಯಾರೂ ಎತ್ತಲ್ಲ. ಅವರೇ ಹಾಡ್ಕೊಳ್ಳಲಿ."

"ನೀನು ಬಾಯಿ ಮುಚ್ಚಿ ಕೂರ್ತೀಯಾ? ನಿನ್ನ ಹೆಂಡ್ತಿಗೆ ಹೇಳಿದೀಯಾ? ಪಾಪ, ಖುಷಿಪಡ್ಲಿ," ಎಂದಳು ಅತ್ತೆ.

"ತಮಾಷೆ ಬೇಡ ಅಕ್ಕಾ. ನಿಂಗೋಸ್ಕರಾನೇ ಮಾಡ್ತಿರೋದು. ನೀನೇ ಎತ್ತಿಬಿಟ್ರೆ ನಮ್ಮ ಮುಖ ಎಲ್ಲಿಡೋದು? ಕಾಲೊಲೈನೆ ಕ್ಷಮಿಸಿಬಿಟ್ಲು ಅಂತ ಅವರು ಆ ತಗಡಿನ ಕೆಳಗೆ ಆರಾಮಾಗಿ ಮಲಗ್ತಾರೆ."

ಅತ್ತೆ ತುರಿಯುವುದನ್ನು ನಿಲ್ಲಿಸಲಿಲ್ಲ, ಮಾತೂ ಕೊಡಲಿಲ್ಲ. ಅವನು ಗೊಣಗುತ್ತ ಹೋದ ಮೇಲೆ ನಾನೆಂದೆ: "ಅವನು ಹೇಳೋದು ಸರಿ ಅತ್ತೆ. ನೀನು ಎತ್ತಿದ್ರೆ ಪಾದ್ರಿ ಗೆದ್ದಂಗೆ."

"ಎತ್ತದೇ ಇದ್ರೆ?"

"ಗೆಲ್ಲಲ್ಲ."

"ನನ್ನ ಹಾಡೇ ನಿಂತುಹೋದ್ರೆ, ಅದು ಅವರ ಗೆಲುವಲ್ವಾ? ಚಾವಣಿ ಹೋಯ್ತು. ಇದನ್ನೂ ಅವರ ಕೈಗೆ ಕೊಡ್ಲಾ?" ಕಾಯಿಹಾಲು ಹಿಂಡುತ್ತ ಅವಳು ಅಂದಳು. "ನಂಗೆ ದೇವರ ಪರಿಚಯ ಮಾಡ್ಸಿದ್ದು ತುಇಫುವಾ ಅಲ್ಲ ಕಣೇ ಫುಸಿ. ಅವರು ಈ ಊರಿಗೆ ಬರೋಕೆ ಮುಂಚೇನೇ ನಾವಿಬ್ರೂ ಮಾತಾಡ್ತಿದ್ವಿ."

"ಹಂಗಾದ್ರೆ ನಾಳೆ ಏನ್ಮಾಡ್ತೀಯ?"

"ಗೊತ್ತಿಲ್ಲ. ಕೆಸುವಿನ ಎಲೆ ತಾ."

ಭಾನುವಾರ ಬೆಳಿಗ್ಗೆ, ಚರ್ಚಿಗೆ ಹೋಗುವಾಗ ನಾವು ಬಟ್ಟೆಯ ಮೇಲೆ ಉಡುವ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು ಅತ್ತೆ ನನ್ನ ಮುಂದೆ ನಿಂತು, "ಗಂಟು ಹಾಕು. ನಿಂದೂ ಉಟ್ಕೋ, ಬಾ," ಎಂದಳು. ನಮ್ಮಲ್ಲಿ ಸೋದರತ್ತೆಗೆ ಆಗುವುದಿಲ್ಲ ಎನ್ನುವ ರೂಢಿಯಿಲ್ಲ. ಹೋದೆ. ಆದರೆ ಬಾಯಿ ತೆರೆಯುವುದಿಲ್ಲವೆಂದು ನಿರ್ಧರಿಸಿಕೊಂಡೇ ಕೂತೆ.

ಪಾದ್ರಿ ಸಂಖ್ಯೆ ಹೇಳಿ, ಕೃತಜ್ಞತೆಯ ಒಂದು ಕೀರ್ತನೆಯ ಮೊದಲ ಚರಣ ಓದಿದರು. ಪುಸ್ತಕದಿಂದ ತಲೆಯೆತ್ತಿ ಕಾದರು.

ಯಾರೂ ಎತ್ತಲಿಲ್ಲ.

ಅಷ್ಟು ದೊಡ್ಡ ಮೌನವನ್ನು ನಾನು ಅಲ್ಲಿ ಕೇಳಿರಲಿಲ್ಲ. ಬೀಸಣಿಗೆಗಳೂ ನಿಂತಿದ್ದವು. ಹೊರಗೆ ಹಂದಿಯೊಂದು ಗೋಡೆಗೆ ಮೈ ಉಜ್ಜುವುದು ಕೇಳುತ್ತಿತ್ತು. ಪಾದ್ರಿ ಮತ್ತೊಮ್ಮೆ ಓದಿದರು. ಅತ್ತೆಯ ಕಡೆ ನೋಡಿದರು. ಊರೆಲ್ಲ ಅವಳ ಕಡೆಯೇ ನೋಡಿತು. ಅವಳು ಮಡಿಲಲ್ಲಿ ಕೈಯಿಟ್ಟು ಕೂತಿದ್ದಳು. ಕೊನೆಗೆ ಪಾದ್ರಿ ತಾವೇ ಶುರುಮಾಡಿದರು. ಗಾಬರಿಯಲ್ಲಿ ಶ್ರುತಿ ಮೇಲೆ ಹೋಗಿ ಎರಡನೇ ಸಾಲಿಗೆ ದನಿ ಒಡೆಯಿತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಪಾದ್ರಿಯ ಕಿವಿ ಕೆಂಪಾಯಿತು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಆ ಸಂತೋಷದ ಒಳಗೆ ಏನೂ ಇರಲಿಲ್ಲ.

ಆಗ ಅತ್ತೆ ಎತ್ತಿದಳು. ಪಾದ್ರಿ ಓದಿದ್ದನ್ನಲ್ಲ. ಪಶ್ಚಾತ್ತಾಪದ ದಿನಗಳಲ್ಲಿ ಹಾಡುವ ಹಳೆಯದೊಂದನ್ನು, ಪುಸ್ತಕ ತೆರೆಯದೆ. ನಿನ್ನ ಕಣ್ಣೆದುರು ನನಗೆ ಮರೆಯಿಲ್ಲ ಎಂದು ಅದು ಶುರುವಾಗುತ್ತದೆ.

ಎರಡನೇ ಸಾಲಿಗೆ ಎಲ್ಲರೂ ಸೇರಬೇಕು. ಸೇರಲಿಲ್ಲ. ಸಿಯೋಸಾಯಾ ಕೈಕಟ್ಟಿ ಕೂತಿದ್ದ. ಅತ್ತೆ ಒಬ್ಬಳೇ ಮುಂದುವರಿದಳು, ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. ಯಾರೂ ಬರದಿದ್ದರೆ ಕೊನೆಯ ಚರಣದವರೆಗೂ ಹೀಗೇ ಹೋಗುತ್ತಾಳೆಂದು ನನಗೆ ತಿಳಿಯಿತು. ಅವಳು ಹಾಡುತ್ತಿದ್ದುದು ಪಾದ್ರಿಯನ್ನು ಕುರಿತಲ್ಲ, ನಮ್ಮನ್ನು ಕುರಿತೂ ಅಲ್ಲ. ಎದುರಿಗೆ ಯಾರೋ ಕೇಳಿಸಿಕೊಳ್ಳುತ್ತಿದ್ದರು, ಅವರಿಗೆ ಹೇಳುತ್ತಿದ್ದಳು. ನಾಲ್ಕನೇ ಸಾಲಿನಲ್ಲಿ ನನ್ನ ಬಾಯಿ ತೆರೆದಿತ್ತು. ಅವಳ ದನಿಯ ಕೆಳಗೆ ನನ್ನ ದನಿ ಹೋಗಿ ನಿಂತಿತು. ಆಮೇಲೆ ಹೆಂಗಸರು ಸೇರಿದರು. ಮಂದ್ರವಿಲ್ಲದ ಹಾಡನ್ನು ಸಹಿಸಿ ಕೂರುವುದು ಸಿಯೋಸಾಯಾನಿಗೆ ಸಾಧ್ಯವೇ ಇರಲಿಲ್ಲ. ಅವನು ಸೇರಿದಾಗ ಬೆಂಚು ನಿಜವಾಗಿಯೂ ಅದುರಿತು.

ಚರಣ ಮುಗಿದಾಗ ಮುಂದಿನದನ್ನು ಪಾದ್ರಿ ಓದಬೇಕು. ಅವರು ಓದಲಿಲ್ಲ. ಎಲ್ಲರಿಗೂ ಬಾಯಿಪಾಠವಾಗಿತ್ತು. ಬೇರೆ ಪುಟಕ್ಕೆ ತೆರೆದಿದ್ದ ಪುಸ್ತಕವನ್ನು ಹಿಡಿದು ಅವರು ಕೊನೆಯವರೆಗೂ ನಿಂತೇ ಇದ್ದರು.

ಹೊರಗೆ ಬರುವಾಗ ಸಿಯೋಸಾಯಾ ಸಿಡುಕಿದ: "ಎಲ್ಲಾ ಹಾಳುಮಾಡಿದೆ ಅಕ್ಕಾ."

"ಏನೋ ಹಾಳು? ಅವರು ಹೇಳಿದ್ದನ್ನ ಯಾರಾದ್ರೂ ಎತ್ತಿದ್ರಾ?"

ಅವನು ತಲೆ ಕೆರೆದುಕೊಂಡ. "ಅದೇನೋ ನಿಜ."

ಬಾಗಿಲಲ್ಲಿ ಪಾದ್ರಿ ಕೈಚಾಚಿ ನಿಂತಿದ್ದರು. ಅತ್ತೆ ಆ ಕೈ ಹಿಡಿದಳು, ಬಿಡಲಿಲ್ಲ.

"ಪಾದ್ರಿಗಳೇ, ನಾಳೆ ತಗಡಿನ ವಿಷಯಕ್ಕೆ ಬರ್ತೀನಿ. ಇವತ್ತು ಭಾನುವಾರ, ಜಗಳ ಆಡಬಾರದು."

"ನಾವೂ ಬರ್ತೀವಿ," ಎಂದ ಸಿಯೋಸಾಯಾ. ನಾನೂ ತಲೆಯಾಡಿಸಿದೆ.

ಪಾದ್ರಿ ನೆಲ ನೋಡಿದರು. ಆಮೇಲೆ ಮೆಲ್ಲನೆ, "ಎಷ್ಟೊತ್ತಿಗೆ ಬರ್ತೀರಮ್ಮಾ?" ಎಂದರು.

"ಬೆಳಗಿನ ಪ್ರಾರ್ಥನೆ ಮುಗಿದ ತಕ್ಷಣ," ಎಂದಳು ಅತ್ತೆ. "ಪ್ರಾರ್ಥನೆಗೆ ಹೆಂಗೂ ಇಲ್ಲೇ ಇರ್ತೀನಲ್ಲ."