ಕೆಂಪು ಕಾರ್ಡು

ಬೆಡ್‌ಶೀಟಿನ ಎರಡು ತುದಿ ನಾನು ಹಿಡಿದೆ, ಎರಡು ತುದಿ ಅಣ್ಣ ಹಿಡಿದ. ಇಬ್ಬರೂ ಒಟ್ಟಿಗೆ ಕೊಡವಿದೆವು. ಉದ್ದಕ್ಕೆ ಒಂದು ಮಡಿಕೆ, ಮತ್ತೆ ಬಿಗಿಯಾಗಿ ಎಳೆತ. ಆಮೇಲೆ ಅವನು ನನ್ನತ್ತ ನಡೆದು ಬಂದು, ತನ್ನ ತುದಿಗಳನ್ನು ನನ್ನ ಬೆರಳಿಗೆ ಸಿಕ್ಕಿಸಿ, ಬಗ್ಗಿ ಕೆಳಗಿನ ಮಡಿಕೆಯನ್ನು ಎತ್ತಿಕೊಂಡ. ಅಂಚಿಗೆ ಅಂಚು ಕೂಡಲಿಲ್ಲ. ಒಂದು ಬೆರಳಿನಷ್ಟು ಹೆಚ್ಚುಕಡಿಮೆ. ಅವನು ನನ್ನ ಮುಖ ನೋಡಿದ. ನಾನು ಬಿಚ್ಚಿದೆ. ಮತ್ತೆ ಮೊದಲಿನಿಂದ ಶುರು ಮಾಡಿದೆವು.

ಅಮ್ಮ ಒಂದು ಲಾಡ್ಜಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಬೆಡ್‌ಶೀಟುಗಳನ್ನು ಗಂಟು ಕಟ್ಟಿ ಮನೆಗೆ ತಂದು ಒಗೆಯುತ್ತಿದ್ದಳು. ಒಣಗಿದವನ್ನು ಮಡಚುವುದು ನಮ್ಮ ಪಾಲು. ಅಣ್ಣ ಮಡಚಿದ ಬೆಡ್‌ಶೀಟನ್ನು ಮೇಜಿನ ಮೇಲಿಟ್ಟರೆ ಹೊಸ ಪುಸ್ತಕ ಇಟ್ಟ ಹಾಗಿರುತ್ತಿತ್ತು.

"ಅದೇನು ಮದುವೆ ಹೆಣ್ಣೇನೋ, ಅಷ್ಟು ಸಿಂಗಾರ ಮಾಡೋಕೆ?" ಎಂದಳು ಅಮ್ಮ ಒಳಗಿನಿಂದ. "ಬೇಗ ಹೊರಡಿ. ಮೊದಲ ದಿನಾನೇ ತಡ ಮಾಡಿದ್ರೆ ಮೇಡಂ ಏನಂದ್ಕೋತಾರೆ?"

ಅಣ್ಣ ಕಿವುಡನಲ್ಲ, ಮೂಗನೂ ಅಲ್ಲ. ಮನೆಯಲ್ಲಿ ನೀರು ಬೇಕು, ಸಾಕು, ಚಳಿ ಎಂದು ನಾಲ್ಕು ಮಾತಾಡುತ್ತಿದ್ದ. ಹೊಸಿಲು ದಾಟಿದರೆ ಮಾತು ಗಂಟಲಲ್ಲೇ ಕೂತುಬಿಡುತ್ತಿತ್ತು. ಶಾಲೆಯಲ್ಲಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ ನೋಡಿದರು, ಹೊರಗೆ ನಿಲ್ಲಿಸಿ ನೋಡಿದರು, ಕೊನೆಗೆ ಮನೆಗೇ ಕಳಿಸಿದರು. ಅವನ ಪರವಾಗಿ ಎಲ್ಲ ಕಡೆ ಬಾಯಿ ತೆರೆಯುತ್ತಿದ್ದವಳು ನಾನು. ಅವನಿಲ್ಲದ ಶಾಲೆಯಲ್ಲಿ ನನ್ನ ಬಾಯಿಗೂ ಕೆಲಸವಿರಲಿಲ್ಲ. ಕೆಲವು ತಿಂಗಳಿಗೆ ನಾನೂ ಹೋಗುವುದನ್ನು ಬಿಟ್ಟೆ.

ಅಂದು ನಾವು ಹೊರಟಿದ್ದ ಕಲಿಕಾ ಕೇಂದ್ರ ಎಂದರೆ ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಓದು ಅರ್ಧಕ್ಕೆ ಬಿಟ್ಟವರಿಗೆ, ಎಲ್ಲಿಯೂ ಸೇರಿಸಿಕೊಳ್ಳದವರಿಗೆ ಎಂದೇ ಮಾಡಿದ್ದು. ಎಲ್ಲರಿಗೂ ಒಂದೇ ಪಾಠ ಇರುತ್ತಿರಲಿಲ್ಲ. ಒಬ್ಬ ಕಾವಲುಗಾರ ಅಕ್ಷರ ಕೂಡಿಸುತ್ತಿದ್ದ. ಮಗುವನ್ನು ಮಡಿಲಲ್ಲಿಟ್ಟುಕೊಂಡ ಹುಡುಗಿಯೊಬ್ಬಳು ಹೊಲಿಗೆ ತರಬೇತಿಗೆ ಸೇರಬೇಕೆಂದು ಅಳತೆಯ ಲೆಕ್ಕ ಕಲಿಯುತ್ತಿದ್ದಳು. "ಇಲ್ಲಿ ಪಾಸು ಫೇಲು ಇಲ್ಲ," ಎಂದರು ಮೇಡಂ. "ಒಬ್ಬೊಬ್ಬರಿಗೆ ಒಂದೊಂದು ದಾರಿ. ಇಲ್ಲಿಂದ ಮುಂದಿನ ಓದಿಗೋ ಕೆಲಸಕ್ಕೋ ಹೋಗ್ಬೇಕು, ಅಷ್ಟೇ."

ಅವರು ಅಣ್ಣನನ್ನು ವಯಸ್ಸು ಕೇಳಿದರು. ನಾನು ಹೇಳಿದೆ. ಏನು ಮಾಡೋಕೆ ಇಷ್ಟ ಎಂದು ಕೇಳಿದರು. ಬೆಡ್‌ಶೀಟು ಮಡಚ್ತಾನೆ ಎಂದೆ. ಮೇಡಂ ಪೆನ್ನು ಕೆಳಗಿಟ್ಟರು.

"ನಿನ್ನ ಬಗ್ಗೆ ಕೇಳಿದ್ರೆ ನೆಲ ನೋಡ್ತೀಯ. ಅಣ್ಣನ ಬಗ್ಗೆ ಆದ್ರೆ ಪಟಪಟ ಅಂತೀಯ. ಹೀಗಾದ್ರೆ ಅವನು ಯಾವತ್ತು ಮಾತಾಡ್ಬೇಕು?"

ನನಗೆ ಹಾಕಿದ ದಾರಿ ಅದೇ ಆಯಿತು: ಅಣ್ಣನ ಬದಲು ಮಾತಾಡಬಾರದು, ನನ್ನ ಮಾತು ನಾನು ಆಡಬೇಕು. ಅಣ್ಣನ ದಾರಿಗೆ ಮೇಡಂ ಮೂರು ಕಾರ್ಡು ಮಾಡಿಕೊಟ್ಟರು, ಅಂಗೈ ಅಗಲದವು, ಪ್ಲಾಸ್ಟಿಕ್ ಹೊದಿಸಿ, ದಾರ ಪೋಣಿಸಿ. ಹಸಿರು ಎಂದರೆ ಸರಿ. ಹಳದಿ ಎಂದರೆ ಮೆಲ್ಲಗೆ. ಕೆಂಪು ಎಂದರೆ ನಿಲ್ಲಿಸಿ, ಇಲ್ಲಿಗೆ ಬನ್ನಿ.

ಮೊದಲ ಸಲ ಅವನು ಕೆಂಪು ಎತ್ತಿದ್ದು ನನಗೆ ಚೆನ್ನಾಗಿ ನೆನಪಿದೆ. ಮೇಡಂ ಮಾತಿನ ಮಧ್ಯದಲ್ಲಿದ್ದರು. ಕಾವಲುಗಾರ ಓದುತ್ತಿದ್ದ. ಕಿಟಕಿಯಿಂದ ಬಿಸಿಲು ಕಣ್ಣಿಗೆ ಬೀಳುತ್ತಿತ್ತೆಂದು ಅಣ್ಣ ಕಾರ್ಡು ಎತ್ತಿದ. ಮೇಡಂ ಅರ್ಧ ಮಾತಿಗೇ ನಿಲ್ಲಿಸಿದರು. ಕಾವಲುಗಾರ ಬೆರಳನ್ನು ಅಕ್ಷರದ ಮೇಲೇ ಇಟ್ಟು ಸುಮ್ಮನಾದ. ಮಗು ಕೂಡ ತಿರುಗಿ ನೋಡಿತು. ಎಲ್ಲರೂ ಅವನಿಗಾಗಿ ಕಾದರು. ಅಣ್ಣ ಕೈ ಇಳಿಸಲಿಲ್ಲ. ಅವನ ಕಿವಿ ಕೆಂಪಾಗಿತ್ತು, ಬಾಯಿ ಅರ್ಧ ತೆರೆದಿತ್ತು. ಇಷ್ಟು ವರ್ಷದಲ್ಲಿ ಜಗತ್ತು ಅವನಿಗಾಗಿ ನಿಂತದ್ದು ಅದೇ ಮೊದಲು. ಆಮೇಲೆ ಅವನು ಕಾರ್ಡುಗಳನ್ನು ಕೊರಳಲ್ಲೇ ಹಾಕಿಕೊಂಡು ಮಲಗತೊಡಗಿದ.

"ಇನ್ನು ಸ್ನಾನಕ್ಕೂ ಅದನ್ನೇ ಉಟ್ಕೊಂಡು ಹೋಗು," ಎಂದು ಅಮ್ಮ ನಕ್ಕಳು. ಅವನು ಹಸಿರು ತೋರಿಸಿದ. ಅಮ್ಮನ ನಗು ಅಲ್ಲಿಗೇ ನಿಂತು ಕಣ್ಣು ತುಂಬಿತು.

ಮಳೆಗಾಲ ಕಳೆಯುವ ಹೊತ್ತಿಗೆ ಮೇಡಂ ಒಂದು ದೊಡ್ಡ ಲಾಂಡ್ರಿಯಲ್ಲಿ ನಮ್ಮಿಬ್ಬರಿಗೂ ತರಬೇತಿಗೆ ಜಾಗ ಮಾಡಿಸಿದರು. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಅಲ್ಲಿಗೆ ಬರುತ್ತಿತ್ತು. ಚೆನ್ನಾಗಿ ಕಲಿತರೆ ಕೆಲಸ ಕಾಯಂ ಎಂದು ಯಜಮಾನರು ಒಪ್ಪಿದ್ದರು. ನನ್ನದೇನೂ ಚಿಂತೆಯಿರಲಿಲ್ಲ, ಎಲ್ಲಾದರೂ ಪಾತ್ರೆ ತೊಳೆದೇನು. ಅಮ್ಮನ ಕಣ್ಣು ಅಣ್ಣನ ಮೇಲೆ. ಅವಳ ಮಂಡಿ ಆಗಲೇ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. "ಈ ಕೆಲಸ ಒಂದು ಗಟ್ಟಿಯಾದ್ರೆ ಸಾಕು," ಎನ್ನುತ್ತಿದ್ದಳು. "ನಾನು ಹೋದ ಮೇಲೆ ಇವನು ಯಾರ ಬಾಗಿಲಲ್ಲಿ ನಿಲ್ಬೇಕು ಹೇಳು."

ಲಾಂಡ್ರಿಯ ದೊಡ್ಡ ಹಾಲ್‌ನ ನಡುವೆ ಇಸ್ತ್ರಿ ರೋಲರ್ ಇತ್ತು. ಒದ್ದೆ ಬೆಡ್‌ಶೀಟಿನ ಎರಡು ತುದಿಯನ್ನು ಇಬ್ಬರು ಹಿಡಿದು ಬಿಗಿಯಾಗಿ ಒಳಗೆ ಕೊಡಬೇಕು. ಬಿಸಿ ಉರುಳೆಗಳು ಅದನ್ನು ಎಳೆದುಕೊಂಡು, ಒಣಗಿಸಿ, ಚಪ್ಪಟೆ ಮಾಡಿ ಆಚೆ ಬಿಡುತ್ತಿದ್ದವು. ತುದಿ ಸಡಿಲವಾದರೆ ಸುಕ್ಕು ಬೀಳುತ್ತದೆ. ಆ ಕೆಲಸಕ್ಕೆ ಅಣ್ಣನಂಥವನು ಸಿಗುವುದಿಲ್ಲ ಎಂದು ಮೊದಲ ದಿನವೇ ಎಲ್ಲರಿಗೂ ಗೊತ್ತಾಯಿತು. ಅವನ ಜೊತೆಗಾತಿ ಅಲ್ಲಿನ ಹಳೆಯ ಹೆಂಗಸು. ಎಲ್ಲರೂ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು.

"ನನ್ನ ಗಂಡ ಇಡೀ ಜನ್ಮ ನನ್ನ ಮಾತು ಕೇಳ್ಲಿಲ್ಲ. ಇವನು ನೋಡು, ದಿನವಿಡೀ ಕೇಳ್ತಾನೆ," ಎಂದಳು ದೊಡ್ಡಮ್ಮ. "ಏನಪ್ಪಾ, ನನ್ನ ಮಾತು ಸಾಕಾಯ್ತಾ?"

ಅಣ್ಣ ಹಳದಿ ಕಾರ್ಡು ತೋರಿಸಿದ. ಅಲ್ಲಿದ್ದವರೆಲ್ಲ ನಕ್ಕರು. ಬಟ್ಟೆಯ ಗಾಡಿ ತಳ್ಳುವವನೊಬ್ಬ ಅಂದಿನಿಂದ ಅವನಿಗೆ ರೆಫ್ರಿ ಎಂದು ಹೆಸರಿಟ್ಟ. "ಏನ್ ರೆಫ್ರಿ, ಇವತ್ತು ಯಾರನ್ನ ಆಟದಿಂದ ಹೊರಗೆ ಹಾಕ್ತೀಯಾ?"

ಉರುಳೆಯ ಪಕ್ಕದಲ್ಲಿ ರೋಲರ್ ನಿಲ್ಲಿಸುವ ಒಂದು ಕೆಂಪು ಗುಂಡಿ ಇತ್ತು. ಕಾರ್ಡಿನದೇ ಬಣ್ಣ ಎಂದೋ ಏನೋ, ಎರಡನೆಯ ದಿನ ಅಣ್ಣ ಅದನ್ನು ಒತ್ತಿಬಿಟ್ಟ. ರೋಲರ್ ನಿಂತು, ಒಳಗಿದ್ದ ಬಟ್ಟೆ ಕಂದಿ, ಬೆಳಗಿನ ಕೆಲಸವೆಲ್ಲ ಹಿಂದೆ ಬಿತ್ತು. ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಓಡಿ ಬಂದ.

"ಏಯ್, ಆ ಗುಂಡಿ ತಂಟೆಗೆ ಹೋಗ್ಬೇಡ ನೀನು! ಏನೇ ಆಗ್ಲಿ, ಕೈ ಹಾಕ್ಬೇಡ. ನಿನ್ನ ಹತ್ರ ಕಾರ್ಡಿದ್ಯಲ್ಲ, ಅದನ್ನ ತೋರ್ಸು. ನಾನು ಬಂದು ನಿಲ್ಲಿಸ್ತೀನಿ. ಗೊತ್ತಾಯ್ತಾ?"

ಅಣ್ಣ ಹಸಿರು ತೋರಿಸಿದ. ಅವನಿಗೆ ಒಂದು ಸಲ ಹೇಳಿದರೆ ಸಾಕು.

ಮೇಡಂ ವಾರಕ್ಕೊಮ್ಮೆ ನೋಡಲು ಬರುತ್ತಿದ್ದರು. ಅಣ್ಣ ಮಾತುಮಾತಿಗೂ ನನ್ನ ಮುಖ ನೋಡುತ್ತಾನೆ, ನಾನು ಕಣ್ಣಲ್ಲೇ ಉತ್ತರ ಕೊಡುತ್ತೇನೆ ಎಂದು ಅವರಿಗೆ ಕಂಡಿತು. ಅವರು ಹೇಳಿದ ಮೇಲೆ ಮೇಸ್ತ್ರಿ ನಾನು ಬಟ್ಟೆ ಮಡಚುತ್ತಿದ್ದ ಮೇಜನ್ನು ತಿರುಗಿಸಿ ಹಾಕಿಸಿದ. ನನ್ನ ಬೆನ್ನು ರೋಲರ್ ಕಡೆಗೆ ಬಂತು. ಮೊದಮೊದಲು ಬೆನ್ನು ಜುಮ್ಮೆನ್ನುತ್ತಿತ್ತು. ಆಮೇಲೆ ರೂಢಿಯಾಯಿತು. ಅಣ್ಣ ನನ್ನನ್ನು ಬಿಟ್ಟೇ ಕೆಲಸ ಮಾಡುತ್ತಿದ್ದಾನೆ ಎಂದು ಎಲ್ಲರೂ ಮೆಚ್ಚಿದರು. ಚಳಿಗಾಲ ಮುಗಿಯುತ್ತಲೇ ಅವನನ್ನು ಕಾಯಂ ಮಾಡುವುದಾಗಿ ಯಜಮಾನರು ಮೇಡಂಗೆ ಹೇಳಿದ ದಿನ ಅಮ್ಮ ಅವನ ತಲೆಗೆ ಎಣ್ಣೆ ತಟ್ಟಿದಳು, ಎಣ್ಣೆ ಕಿವಿಯಿಂದ ಇಳಿಯುವಷ್ಟು.

ಆ ಬೆಳಿಗ್ಗೆ ಚಳಿ ಹೆಚ್ಚಿತ್ತು. ದೊಡ್ಡಮ್ಮ ಮಗಳ ಸ್ವೆಟರ್ ಹಾಕಿಕೊಂಡು ಬಂದಿದ್ದಳು, ತೋಳು ಬೆರಳ ತನಕ ಜೋತುಬೀಳುವಂಥದ್ದು. ಯಂತ್ರಗಳ ಸದ್ದಿಗೆ ನಾವೆಲ್ಲ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೆವು. ಒಣಗಿಸುವ ಡ್ರಮ್ಮುಗಳ ಬೆಲ್ಟು ಆಗಾಗ ಕಿರುಗುಟ್ಟುತ್ತಲೇ ಇರುತ್ತಿತ್ತು. ಯಾವ ಸದ್ದು ಯಾವುದರದು ಎಂದು ಯಾರೂ ಕಿವಿಗೊಡುತ್ತಿರಲಿಲ್ಲ. ನಾನು ದಿಂಬಿನ ಚೀಲ ಮಡಚುತ್ತಿದ್ದೆ.

ಇದ್ದಕ್ಕಿದ್ದಂತೆ ರೋಲರ್ ಸದ್ದು ನಿಂತಿತು. ನನಗೆ ಮೊದಲು ತಿಳಿದದ್ದು ಅಷ್ಟೇ. ತಿರುಗಿದೆ. ಗಾಡಿ ತಳ್ಳುವವನ ಕೈ ಗುಂಡಿಯ ಮೇಲಿತ್ತು. ಅವನ ಗಾಡಿ ದೂರದಲ್ಲಿ ಮಗುಚಿ ಬಿದ್ದಿತ್ತು. ದೊಡ್ಡಮ್ಮ ರೋಲರಿಗೆ ಒರಗಿ ನಿಂತಂತಿದ್ದಳು. ಅವಳ ತೋಳು ಮೊಣಕೈಯವರೆಗೆ ಒಳಗಿತ್ತು. ಉಣ್ಣೆ ಸುಟ್ಟ ವಾಸನೆ, ಅದರ ಜೊತೆಗೆ ಇನ್ನೊಂದು ವಾಸನೆ.

ಅಣ್ಣ ತನ್ನ ಜಾಗದಲ್ಲೇ ನಿಂತಿದ್ದ. ಎಡಗೈಯಲ್ಲಿ ಬೆಡ್‌ಶೀಟಿನ ತನ್ನ ತುದಿಯನ್ನು ಬಿಗಿಯಾಗಿ ಹಿಡಿದಿದ್ದ, ಸುಕ್ಕು ಬೀಳದ ಹಾಗೆ. ಬಲಗೈಯಲ್ಲಿ ಕೆಂಪು ಕಾರ್ಡು. ತೋಳನ್ನು ಆಗುವಷ್ಟು ಮೇಲೆತ್ತಿದ್ದ, ತುದಿಗಾಲಲ್ಲಿ ನಿಂತಿದ್ದ. ಬಾಯಿ ಅಗಲವಾಗಿ ತೆರೆದಿತ್ತು, ಅದರಿಂದ ಏನೂ ಬರುತ್ತಿರಲಿಲ್ಲ. ಎಲ್ಲರೂ ನಿಂತಿದ್ದೆವು ಈಗ, ಅವನನ್ನು ನೋಡುತ್ತಿದ್ದೆವು. ಆದರೂ ಅವನು ಕೈ ಇಳಿಸಲಿಲ್ಲ. ನಾನೇ ಹೋಗಿ ಇಳಿಸಿದೆ. ತೋಳು ಮರದ ಕೊರಡಿನ ಹಾಗೆ ಸೆಟೆದುಕೊಂಡಿತ್ತು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದನೋ ಯಾರಿಗೂ ಗೊತ್ತಿಲ್ಲ.

ಮಧ್ಯಾಹ್ನ ಯಜಮಾನರ ಕೋಣೆಗೆ ಕರೆದರು. ಮೇಡಂ ಬಂದಿದ್ದರು. ಕುರ್ಚಿ ಕೊಟ್ಟರೂ ಕೂತಿರಲಿಲ್ಲ.

"ಗುಂಡಿ ಪಕ್ಕದಲ್ಲೇ ಇದೆ ಸಾರ್," ಎಂದ ಮೇಸ್ತ್ರಿ. "ಕೈ ಚಾಚಿದ್ರೆ ಸಿಗುತ್ತೆ. ಇವನು ಕಾರ್ಡ್ ಹಿಡ್ಕೊಂಡು ನಿಂತಿದ್ದಾನೆ. ಇಂಥವರನ್ನ ಯಂತ್ರದ ಹತ್ರ ಬಿಡ್ಬಾರ್ದು ಅಂತ ನಾನು ಮೊದಲೇ ಅಂದ್ಕೊಂಡಿದ್ದೆ."

ಅಣ್ಣ ನನ್ನ ಮುಖ ನೋಡಿದ. ಅವನ ಬದಲು ಮಾತಾಡಬಾರದು ಎಂಬುದು ನನ್ನ ದಾರಿ. ನಾನು ಮೇಡಂ ಕಡೆ ನೋಡಿದೆ. ಅವರು ತಲೆ ತಗ್ಗಿಸಿದ್ದರು.

"ನೀವೇ ಹೇಳಿದ್ರಿ," ಎಂದೆ ಮೇಸ್ತ್ರಿಯತ್ತ ತಿರುಗಿ.

"ಏನಮ್ಮಾ? ಜೋರಾಗಿ ಹೇಳು," ಎಂದರು ಯಜಮಾನರು.

"ಮೇಸ್ತ್ರಿಯವ್ರೇ ಹೇಳಿದ್ರು. ಏನೇ ಆದ್ರೂ ಗುಂಡಿ ಮುಟ್ಟಬೇಡ, ಕಾರ್ಡು ತೋರ್ಸು, ನಾನು ಬರ್ತೀನಿ ಅಂತ. ಅವನು ತೋರ್ಸಿದ. ಇವ್ರು ಬರ್ಲಿಲ್ಲ."

ದೊಡ್ಡವರಿಗೆ ಎದುರಾಗಿ ನಾನು ಅಷ್ಟು ಉದ್ದದ ಮಾತು ಆಡಿದ್ದು ಅದೇ ಮೊದಲು. ಮೇಸ್ತ್ರಿಯ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ಅವನು ಹೇಳಿದ, "ಕೆಲಸದ ಮಾತು ಹೇಳಿದ್ದು ನಾನು. ಮನುಷ್ಯರು ಸಿಕ್ಕಿಹಾಕ್ಕೊಂಡಾಗ್ಲೂ ಸುಮ್ನೆ ನಿಂತ್ಕೋ ಅಂದಿದ್ನಾ? ಅಷ್ಟೂ ಗೊತ್ತಾಗ್ಬಾರ್ದಾ?"

ಯಜಮಾನರು, "ಅವನು ನಾಳೆಯಿಂದ ಬರೋದು ಬೇಡ," ಎಂದರು. ಮೇಸ್ತ್ರಿ ಅಣ್ಣನ ಕೊರಳಿನಿಂದ ಕಾರ್ಡುಗಳನ್ನು ಎಳೆದ. ದಾರ ಹರಿಯಿತು. ಅಣ್ಣ ತಡೆಯಲಿಲ್ಲ.

ಮೆಟ್ಟಿಲಿನಲ್ಲಿ ಮೇಡಂ ಗೋಡೆ ಹಿಡಿದು ನಿಂತರು. "ಕ್ಲಾಸಲ್ಲಿ ಅವನು ಕಾರ್ಡು ಎತ್ತಿದ್ರೆ ನಾವೆಲ್ಲ ನಿಲ್ತಿದ್ವಿ," ಎಂದರು. "ಯಾರೂ ನಿಲ್ಲದೇ ಇದ್ರೆ ಏನು ಮಾಡ್ಬೇಕು ಅಂತ ನಾನು ಒಂದಿನಾನೂ ಕಲಿಸ್ಲಿಲ್ಲ." ನಾನು ಏನಾದರೂ ಹೇಳುತ್ತೇನೆಂದು ಕಾದರು. ನಾನು ನೆಲ ನೋಡಿದೆ.

ದೊಡ್ಡಮ್ಮನ ತೋಳನ್ನು ಮೊಣಕೈಯಿಂದ ಕತ್ತರಿಸಿದರು. ಅಮ್ಮ ಕಿತ್ತಳೆ ಹಣ್ಣು ಕಟ್ಟಿಕೊಂಡು, ನನ್ನ ಭುಜ ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ದೊಡ್ಡಮ್ಮನ ಮಗಳು ವಾರ್ಡಿನ ಬಾಗಿಲಲ್ಲೇ ಅಡ್ಡ ನಿಂತಳು.

"ನಿಮ್ಮ ಮಗನಿಗೆ ಬಾಯಿ ಇರ್ಲಿಲ್ವಾ?"

"ಇರ್ಲಿಲ್ಲಮ್ಮಾ," ಎಂದಳು ಅಮ್ಮ.

ಹಣ್ಣನ್ನು ಬಾಗಿಲ ಪಕ್ಕದ ಬೆಂಚಿನ ಮೇಲಿಟ್ಟು ಇಳಿದು ಬಂದೆವು.

ಅಣ್ಣ ಮನೆಯಲ್ಲಿ ಆಡುತ್ತಿದ್ದ ನಾಲ್ಕು ಮಾತನ್ನೂ ನಿಲ್ಲಿಸಿದ. ನೀರು ಬೇಕಾದರೆ ಎದ್ದು ಕುಡಿಯುತ್ತಾನೆ. ಕುಡಿಯದೆಯೂ ಇರುತ್ತಾನೆ. ಮೇಡಂ ಎರಡು ಸಲ ಬಂದರು, ಹೊಸ ಕಾರ್ಡುಗಳನ್ನು ಮಾಡಿಕೊಂಡು. ಅವನು ಕೈ ಚಾಚಲಿಲ್ಲ. ಅವು ಗೋಡೆಯ ಗೂಡಿನಲ್ಲಿವೆ. ಆ ದಿನದಿಂದ ನಾನೂ ಲಾಂಡ್ರಿಗೆ ಹೋಗಿರಲಿಲ್ಲ. ಕೇಂದ್ರದಲ್ಲೇ ನನ್ನ ತರಬೇತಿ ಮುಗಿಯಿತು. ಎದ್ದು ನಿಂತು ನಾಲ್ಕು ಜನರ ಮುಂದೆ ಮಾತಾಡಬಲ್ಲಳು ಎಂದು ಮೇಡಂ ಬರೆದುಕೊಟ್ಟರು.

ನಿನ್ನೆ ಲಾಂಡ್ರಿಯಿಂದ ಗಾಡಿ ತಳ್ಳುವವ ಬಂದಿದ್ದ. ರೋಲರ್ ಮುಂದೆ ಜನ ಬೇಕಂತೆ, ದೊಡ್ಡಮ್ಮನ ಜಾಗಕ್ಕೆ. ಮೇಸ್ತ್ರಿಯೇ ನನ್ನನ್ನು ಕೇಳಿಕೊಂಡು ಬಾ ಎಂದನಂತೆ. ಹೊರಡುವಾಗ ಗಾಡಿಯವನು ಅಣ್ಣನ ಕಡೆ ನೋಡಿ, "ಏನ್ ರೆ..." ಎಂದು ಅರ್ಧಕ್ಕೇ ನುಂಗಿಕೊಂಡು ಚಪ್ಪಲಿ ಮೆಟ್ಟಿದ.

"ಹೋಗು," ಎಂದಳು ಅಮ್ಮ, ಮಂಡಿಗೆ ಎಣ್ಣೆ ಉಜ್ಜುತ್ತಾ. "ಬೇಡ ಅನ್ನೋ ಸ್ಥಿತಿ ನಮಗಿಲ್ಲ. ಬಟ್ಟೆ ತೋಳು ಮೇಲಕ್ಕೆ ಮಡಚ್ಕೊಂಡು ಕೆಲಸ ಮಾಡು."

ನಾಳೆ ಬೆಳಿಗ್ಗೆಯಿಂದ ಹೋಗಬೇಕು. ಲಾಡ್ಜಿನ ಗಂಟು ಒಣಗಿ ಮಂಚದ ಮೇಲೆ ರಾಶಿ ಬಿದ್ದಿದೆ. ಅಮ್ಮ ನಲ್ಲಿಯ ಹತ್ತಿರ ಇದ್ದಾಳೆ. ಅಣ್ಣ ಗೋಡೆಗೆ ಒರಗಿ ಕೂತಿದ್ದಾನೆ, ಕೈಗಳನ್ನು ತೊಡೆಗಳ ಕೆಳಗೆ ಸಿಕ್ಕಿಸಿಕೊಂಡು. ಒಂದು ಬೆಡ್‌ಶೀಟು ಎತ್ತಿಕೊಂಡೆ. ಎರಡು ತುದಿ ಹಿಡಿದೆ. ಉಳಿದದ್ದು ನೆಲದ ಮೇಲೆ, ಅವನ ಕಾಲಿನವರೆಗೆ ಹರಡಿಕೊಂಡಿತು.

"ಅಣ್ಣಾ, ಆ ಕಡೆ ಹಿಡ್ಕೋ."