ಹಿಂದಿನ ಸೀಟಿನ ಗುಳಿಗಳು

ಇಸ್ತ್ರಿಪೆಟ್ಟಿಗೆಯ ಮೂತಿ ಮಗಳ ಯೂನಿಫಾರಂ ಸ್ಕರ್ಟಿನ ಅರ್ಧಕ್ಕೆ ಬಂದಿತ್ತು, ಒದ್ದೆ ಬಟ್ಟೆಯಿಂದ ಆವಿ ಏಳುತ್ತಿತ್ತು, ಇಡೀ ದಿನದಲ್ಲಿ ನನಗೆ ಹಿತವೆನಿಸುವ ವಾಸನೆ ಇದೊಂದೇ, ಬಿಸಿ ಬಟ್ಟೆಯ ವಾಸನೆ, ಆಮೇಲೆ ಬರುವುದೆಲ್ಲ ಬೇರೆಯವರ ಮಕ್ಕಳ ಡಯಪರು, ವಾಂತಿ, ಹುಳಿಯಾದ ಹಾಲು — ಫೋನು ಬಡಿದುಕೊಂಡಿತು, ಭಾವ, ಇವರ ಅಣ್ಣ, ಇಷ್ಟು ಬೆಳಿಗ್ಗೆ ಫೋನು ಮಾಡುವವರು ಸಾವಿನ ಸುದ್ದಿ ಹೇಳುವವರು ಇಲ್ಲವೇ ಟ್ಯಾಕ್ಸು ಕಟ್ಟಿಸುವವರು, ಭಾವ ಎರಡನೆಯವರ ಪೈಕಿ, ಊರಿನವರ ತೆರಿಗೆ ಲೆಕ್ಕ ನೋಡಿ ಹೊಟ್ಟೆ ಹೊರೆಯುವವರು, ನನ್ನದನ್ನು ಪುಕ್ಕಟೆ ನೋಡುತ್ತಾರೆ, ಪುಕ್ಕಟೆ ಎನ್ನುವುದನ್ನು ಮನೆಗೆ ಬಂದಾಗಲೆಲ್ಲ ನೆನಪಿಸಿ ವಸೂಲು ಮಾಡುತ್ತಾರೆ, ನೋಡಮ್ಮ, ತೆರಿಗೆ ಆಫೀಸಿನವಳು ಇವತ್ತೇ ಬರ್ತಾಳಂತೆ, ಮಕ್ಕಳನ್ನ ಸ್ಕೂಲಿಗೆ ಕರ್ಕೊಂಡು ಹೊರಡೋ ಹೊತ್ತಿಗೇ ಬಂದು ಕಾರು ನೋಡ್ತಾಳಂತೆ, ಬಾಯಿಗೆ ಬಂದಿದ್ದೆಲ್ಲ ಮಾತಾಡಬೇಡ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಆಯ್ತು ಭಾವ ಎಂದೆ. ಆಯ್ತು ಭಾವ, ಸರಿ ಭಾವ, ಈ ಮನೆಗೆ ಬಂದಮೇಲೆ ನನ್ನ ನಾಲಿಗೆ ಕಲಿತ ಹೊಸ ಮಾತುಗಳು ಇವೆರಡೇ, ಒಳಗೆ ಬೇರೆ ನಾಲಿಗೆ ಇದೆ, ಅದು ಬೇರೆಯದನ್ನೇ ಹೇಳುತ್ತದೆ, ಅದರ ಮಾತನ್ನು ಅವರು ಕೇಳಿದರೆ ಆ ಚಿನ್ನದ ಕಟ್ಟಿನ ಕನ್ನಡಕ ಬಿರುಕು ಬಿಟ್ಟೀತು. ಕಾರಿನ ಸೀಟಿನ ಆ ಗುಳಿ ಹೋಯ್ತಾ, ಎಂದರು. ಇಲ್ಲ ಭಾವ. ಇಸ್ತ್ರಿ ಇದೆಯಲ್ಲಮ್ಮ ಮನೇಲಿ, ಒದ್ದೆ ಟವೆಲ್ಲು ಹಾಕಿ ಅದರ ಮೇಲೆ ಇಸ್ತ್ರಿ ಇಡು, ಉಬ್ಬಿಕೊಂಡು ಬರುತ್ತೆ, ಆ ಗುಳಿ ನೋಡಿದ್ರೆ ನಿನ್ನ ಮಗೂನ ಇನ್ನೂ ಅಲ್ಲೇ ಕೂರಿಸ್ತೀಯ ಅಂತ ತಿಳ್ಕೋತಾಳೆ, ಯಾಕೆ ಬೇಕು ಉಸಾಬರಿ. ಫೋನಿಟ್ಟರು. ಸ್ಕರ್ಟಿನ ಉಳಿದರ್ಧ ಮುದುಡಿಕೊಂಡೇ ಇದೆ.

ಗುಳಿ ಹೋಗುವುದು ಹೇಗೆ, ಕಾರು ಕೊಂಡ ದಿನದಿಂದ ಮಗಳ ಪುಟ್ಟ ಸೀಟು ಬೆಲ್ಟು ಬಿಗಿದುಕೊಂಡು ಕೂತಿದ್ದ ಜಾಗ ಅದು, ಎಡಗಡೆ, ಕಿಟಕಿ ಪಕ್ಕ, ಅದರ ಕಾಲು ಒತ್ತಿ ಒತ್ತಿ ಮೆತ್ತೆಯಲ್ಲಿ ನಾಲ್ಕು ಗುಳಿ ಬಿದ್ದಿವೆ, ಮುಂದಿನ ಎರಡು ಆಳ, ಅವಳು ಕಾಲು ಝಾಡಿಸಿ ಹಾಡುತ್ತಿದ್ದಳಲ್ಲ, ಅದಕ್ಕೆ. ಈ ವರ್ಷ ಶಾಲೆ ಶುರುವಾದ ದಿನ ಆ ಸೀಟನ್ನು ಕಿತ್ತು ತಂದವಳು ನಾನೇ. ಅದಕ್ಕೆ ಮೊದಲು ತೆರಿಗೆ ಆಫೀಸಿನಿಂದ ಒಂದು ಕಾಗದ ಬಂದಿತ್ತು — ನೀವು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಸ್ವಂತ ಉದ್ಯೋಗದವರು, ಸರಿ, ಆ ಮಕ್ಕಳನ್ನು ಕಾರಿನಲ್ಲಿ ಶಾಲೆಗೆ ಬಿಡುತ್ತೀರಿ, ಅದೂ ಸರಿ, ಆದರೆ ನಿಮ್ಮ ಸ್ವಂತ ಮಗಳೂ ಅದೇ ಶಾಲೆಗೆ ಅದೇ ಕಾರಿನಲ್ಲಿ ಹೋಗುತ್ತಾಳೆ, ಆ ದಾರಿಗೆ ನೀವು ಹೇಗೂ ಹೋಗಲೇಬೇಕಿತ್ತು, ಆದ್ದರಿಂದ ಅದು ಉದ್ಯೋಗದ ಓಡಾಟವಲ್ಲ, ಮನೆಯ ಓಡಾಟ, ಪೆಟ್ರೋಲು ಟೈರು ಇನ್ಶೂರೆನ್ಸು ಯಾವುದನ್ನೂ ಖರ್ಚೆಂದು ತೋರಿಸುವಂತಿಲ್ಲ. ನಾನು ನೋಡಿಕೊಳ್ಳುವ ಗುಂಡನ ಮೂಗು ಒರೆಸಿದರೆ ಉದ್ಯೋಗ, ಮಗಳದನ್ನು ಒರೆಸಿದರೆ ಮನೆ. ಕಾಗದ ಓದಿ ಭಾವ ನಕ್ಕರು, ಇದೇನು ದೊಡ್ಡ ವಿಷಯ, ಮಗೂನ ಕಾರಿಂದ ಇಳಿಸಿಬಿಡು, ಕಾರು ಪೂರ್ತಿ ಕೆಲಸದ್ದಾಗುತ್ತೆ. ಕಾಫಿಯಲ್ಲಿ ಬಿದ್ದ ಇರುವೆ ತೆಗೆಯಿರಿ ಎಂದ ಹಾಗೆ ಹೇಳಿದರು. ನಾನು ಇವರ ಮುಖ ನೋಡಿದೆ, ಅಪ್ಪ ಅಲ್ಲವೇ, ಏನಾದರೂ ಹೇಳುತ್ತಾರೆಂದು, ಇವರು ಕಪ್ಪಿನ ತಳದ ಸಕ್ಕರೆ ಕದಡುತ್ತ, ನಡೀಲಿ ಬಿಡೆ, ಎಷ್ಟು ದೂರ ಇದೆ ಮಹಾ, ನಾವೆಲ್ಲ ನಡ್ಕೊಂಡೇ ಓದಿದ್ದು — ಹೇಳುತ್ತಿರುವುದು ಯಾರು, ತಿರುವಿನ ಅಂಗಡಿಗೆ ಬೆಂಕಿಪೆಟ್ಟಿಗೆ ತರಲು ಸ್ಕೂಟರು ಒದೆಯುವ ಮಹಾಶಯರು. ಆಗಲೂ ನಾನು ಆಯ್ತು ಎಂದೆ. ಯಾಕೆಂದರೆ ಖರ್ಚು ಒಪ್ಪದಿದ್ದರೆ ಕಾರು ಮಾರಬೇಕು, ಕಾರಿಲ್ಲದಿದ್ದರೆ ಗುಂಡನ ಅಮ್ಮ ನಾಳೆಯೇ ಬೇರೆ ಮನೆ ನೋಡುತ್ತಾಳೆ, ಮಕ್ಕಳು ಬರದಿದ್ದರೆ ತರಕಾರಿಗೂ ಪೆನ್ಸಿಲ್ಲಿಗೂ ಮತ್ತೆ ನಾನು ಇವರ ಜೇಬಿನ ಮುಂದೆ ನಿಲ್ಲಬೇಕು, ಯಾಕೆ, ಎಷ್ಟು, ಮೊನ್ನೆ ಕೊಟ್ಟಿದ್ದೆನಲ್ಲ — ಆ ಮೂರು ಮಾತನ್ನು ಇನ್ನೊಂದು ಸಲ ಕೇಳುವುದಕ್ಕಿಂತ ಮಗಳು ನಡೆಯಲಿ ಎಂದುಕೊಂಡೆ. ನಾನೇ ಅಂದುಕೊಂಡೆ. ಅವರಿಬ್ಬರ ಮೇಲೆ ಹಲ್ಲು ಕಡಿಯುವುದು ಸುಲಭ.

ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರು ಎಳೆದು, ಕಾಂಪೌಂಡು ದಾಟಿಸಿ, ಕಾರಿನ ಹಿಂದಿನ ಬಾಗಿಲು ತೆಗೆದು, ಒದ್ದೆ ಟವೆಲ್ಲು ಮಡಿಸಿ ಹಾಸಿ, ಮೊಣಕಾಲೂರಿ ಕಾರಿಗೆ ಇಸ್ತ್ರಿ ಮಾಡುತ್ತಿದ್ದೇನೆ, ಹಾಲಿನವನು ಸೈಕಲ್ಲು ನಿಲ್ಲಿಸಿ ಅಕ್ಕಾ, ಕಾರಿಗೂ ಮದುವೇನಾ ಎನ್ನುತ್ತಾನೆ, ನಗುತ್ತೇನೆ, ಎಲ್ಲರಿಗೂ ನಗುತ್ತೇನೆ, ತಾಳ್ಮೆಗೆ ಇನ್ನೊಂದು ಹೆಸರು ಅಂದರೆ ನೀವೇ ಕಣ್ರೀ ಎಂದು ಗುಂಡನ ಅಮ್ಮ ಹೇಳುತ್ತಾಳೆ, ಹೇಳಿದ ದಿನವೇ ಒಂದು ಗಂಟೆ ತಡವಾಗಿ ಬರುತ್ತಾಳೆ. ಆವಿ ಭುಸ್ಸೆಂದಿತು. ಟವೆಲ್ಲು ಎತ್ತಿದರೆ ಗುಳಿ ನಿಜವಾಗಿ ಏಳುತ್ತಿದೆ, ಮೆಲ್ಲಗೆ, ಉಸಿರೆಳೆದುಕೊಳ್ಳುವ ಹೊಟ್ಟೆಯ ಹಾಗೆ, ಭಾವನ ಮಾತು ಸರಿಯಾಯಿತಲ್ಲ ಎಂದು ಅದಕ್ಕೂ ನನಗೆ ಸಿಟ್ಟು. ಕಿತ್ತು ತಂದ ಸೀಟನ್ನು ಬಟ್ಟೆ ಒಗೆಯುವ ಮಷೀನಿನ ಪಕ್ಕ ಇಟ್ಟಿದ್ದೆ, ಮೇಲೆ ಹಳೆಯ ಚಾದರ ಹೊದಿಸಿ, ಒಂದು ಸಂಜೆ ನೋಡಿದರೆ ಚಾದರ ನೆಲದ ಮೇಲಿದೆ, ಮಗಳು ಅದರಲ್ಲಿ ಕೂತು, ಎರಡೂ ಬೆಲ್ಟು ಎದೆಗೆ ಬಿಗಿದುಕೊಂಡು ಹೋಂವರ್ಕು ಬರೆಯುತ್ತಿದ್ದಾಳೆ, ಮಷೀನು ಗಡಗಡ ಅಲ್ಲಾಡುತ್ತಿದೆ, ಅವಳ ಕಾಲೂ ಅಲ್ಲಾಡುತ್ತಿವೆ — ಎಲ್ಲಿಗೆ ಹೊರಟೆ ಸೊಳ್ಳೆ, ಎಂದು ತಮಾಷೆ ಮಾಡಿದೆ, ಗುಂಯ್ ಎಂದು ಸದಾ ಹಾಡುತ್ತಿರುತ್ತಾಳೆಂದು ಅವಳನ್ನು ಸೊಳ್ಳೆ ಎನ್ನುತ್ತೇವೆ, ಅವಳು ತಲೆ ಎತ್ತಿ, ಅಮ್ಮಾ ಒಂದು ಕೇಳ್ಲಾ ಎಂದಳು, ಕೇಳು ಎಂದೆ, ಏನಿಲ್ಲ ಎಂದಳು. ಅವತ್ತು ಶುರುವಾದದ್ದು. ತಲೆ ಬಾಚುವಾಗ ಒಂದು ಕೇಳ್ಲಾ, ಏನಿಲ್ಲ. ಹಾಸಿಗೆಯಲ್ಲಿ ಒಂದು ಕೇಳ್ಲಾ, ಏನಿಲ್ಲ. ಆ ಏನಿಲ್ಲದ ಮುಂದೆ ನಾನು ಕಳ್ಳಿಯ ಹಾಗೆ ನಿಲ್ಲುತ್ತೇನೆ, ಒತ್ತಾಯ ಮಾಡಿ ಕೇಳುವುದಿಲ್ಲ, ಕೇಳಿದರೆ ಹೇಳಿಬಿಡುತ್ತಾಳೆ. ಈಗಲೂ ಬಂದಿದ್ದಾಳೆ, ಬಾಯ್ತುಂಬ ಪೇಸ್ಟಿನ ನೊರೆ, ಬ್ರಷ್ಷು ಕಚ್ಚಿಕೊಂಡು ಕಾರಿನ ಬಾಗಿಲ ಹತ್ತಿರ ನಿಂತು ಏಳುತ್ತಿರುವ ಗುಳಿಯನ್ನು ನೋಡುತ್ತಿದ್ದಾಳೆ, ಅದು ನನ್ ಜಾಗ ಅಲ್ವಾ, ಎಂದಳು, ನೊರೆಯೊಳಗಿಂದ. ಹೋಗು, ಬಾಯಿ ತೊಳಕೋ, ಅಜ್ಜಿ ಬರ್ತಾರೆ, ಎಂದೆ.

ಅಜ್ಜಿ ಎಂದರೆ ಎದುರುಮನೆಯವರು, ವಾಕಿಂಗಿಗೆ ಹೋಗುವವರು, ಅವರ ಕೈ ಹಿಡಿಸಿ ಕಳಿಸುತ್ತೇನೆ, ಮಂಡಿನೋವಿನವರು, ಹತ್ತು ಹೆಜ್ಜೆಗೊಮ್ಮೆ ನಿಂತು ಯಾರದಾದರೂ ಸೊಸೆಯ ಸುದ್ದಿ ಹೇಳುತ್ತಾರೆ, ಅದಕ್ಕೇ ಇವರಿಬ್ಬರೂ ಮೊದಲು ಹೊರಡಬೇಕು, ನಾನು ಆಮೇಲೆ, ಅದೇ ರಸ್ತೆ, ಬೇರೆ ರಸ್ತೆಯೇ ಇಲ್ಲ, ತಿರುವಿನ ಬಟ್ಟೆ ಅಂಗಡಿಯ ಹತ್ತಿರ ದಿನವೂ ನನ್ನ ಕಾರು ನನ್ನ ಮಗಳನ್ನು ದಾಟುತ್ತದೆ. ಅವಳು ಕೈ ಬೀಸುತ್ತಾಳೆ. ಹಿಂದೆ ಗುಂಡ ಕೈ ಬೀಸುತ್ತಾನೆ, ಅವನ ಪಕ್ಕದ ಅಳುಬುರುಕಿಯೂ ಅಳು ನಿಲ್ಲಿಸಿ ಬೀಸುತ್ತಾಳೆ, ಅವಳಾಚೆ ಕಿಟಕಿ ಪಕ್ಕ ಖಾಲಿ ಜಾಗ. ನಾನು ಗೇರು ಬದಲಾಯಿಸುತ್ತೇನೆ, ಕೈಗೊಂದು ಕೆಲಸ ಬೇಕಲ್ಲ. ಆಂಟಿ, ಜಾಗ ಇದೆಯಲ್ಲ, ಅವಳು ಯಾಕೆ ಬರಲ್ಲ, ಎಂದು ಒಂದು ದಿನ ಗುಂಡ ಕೇಳಿದ, ಅವಳಿಗೆ ನಡೆಯೋದು ಇಷ್ಟ ಕಂದ, ಎಂದೆ, ನೀರು ಕುಡಿದಷ್ಟು ಸಲೀಸಾಗಿ ಬಂತು. ಈ ಗುಂಡನ ಮೇಲೆ ಸಿಟ್ಟು ಬರುವುದಿಲ್ಲ, ಬರಬಾರದು, ಆರು ವರ್ಷದ ಕೂಸು, ಆದರೂ ಅವನ ಕೊಬ್ಬಿದ ಅಂಗೈ ಗಾಜಿಗೆ ಒತ್ತಿ ಬಿಟ್ಟ ಗುರುತನ್ನು ಒರೆಸುವಾಗ ಬಟ್ಟೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತುತ್ತೇನೆ. ಅಗೋ, ಬಂದರು. ಗುಂಡನ ಅಮ್ಮ ಬ್ಯಾಂಕಿನವಳು, ಇಂಜಿನ್ನು ಆರಿಸುವುದಿಲ್ಲ, ಮಗುವನ್ನೂ ಬ್ಯಾಗನ್ನೂ ಒಂದೇ ರೀತಿ ಇಳಿಸುತ್ತಾಳೆ, ರಾತ್ರಿ ಸ್ವಲ್ಪ ಜ್ವರ ಇತ್ತು, ಈಗೇನಿಲ್ಲ, ಎನ್ನುತ್ತ ಹೊರಟೇಹೋದಳು, ಈಗೇನಿಲ್ಲ ಎಂದರೆ ಔಷಧ ಕುಡಿಸಿ ಕಳಿಸಿದ್ದೇನೆ ಎಂದರ್ಥ, ಇಳಿದ ಜ್ವರ ಮಧ್ಯಾಹ್ನ ಮತ್ತೆ ನನ್ನ ಮಡಿಲಲ್ಲೇ ಏರುತ್ತದೆ. ಅಳುಬುರುಕಿಯ ಅಮ್ಮ ನರ್ಸು, ರಾತ್ರಿ ಪಾಳಿ ಮುಗಿಸಿ ಬಂದವಳ ಕಣ್ಣು ಒಳಗೆ ಹೋಗಿವೆ, ಇವಳನ್ನಾದರೂ ಬೈಯೋಣವೆಂದರೆ ಬೈಗುಳ ಬಾಯಿಗೆ ಬರುವುದಿಲ್ಲ, ಅದೂ ಪಿತ್ತ ಕೆರಳಿಸುತ್ತದೆ. ಇಸ್ತ್ರಿ ಒಳಗಿಟ್ಟೆ, ವೈರು ಸುತ್ತಿದೆ, ಎದುರುಮನೆ ಕಡೆ ನೋಡಿದರೆ ಬಾಗಿಲು ಹಾಕಿದೆ, ಕಿಟಕಿಯಿಂದ ಅಜ್ಜಿಯ ಮಗ ಕೈ ಆಡಿಸಿ ಕೂಗುತ್ತಾನೆ, ಅಮ್ಮಂಗೆ ಮಂಡಿ ಎತ್ತಕ್ಕಾಗ್ತಿಲ್ಲ ಅಕ್ಕ, ಇವತ್ತು ಬರಲ್ಲ. ಇವತ್ತೇ. ಆ ಮಂಡಿಗೂ ಇವತ್ತೇ ಬೇಕಿತ್ತು.

ಅವಳು ಬಂದಳು, ತೆರಿಗೆಯವಳು, ನನಗಿಂತ ಚಿಕ್ಕವಳು, ದೂಳು ಕಾಣದ ಷೂಸು, ನಮಸ್ಕಾರ ಮೇಡಂ, ಗಾಬರಿಯಾಗಬೇಡಿ, ಸುಮ್ನೆ ನೋಡ್ಕೊಂಡು ಹೋಗ್ತೀನಿ, ಎಂದಳು, ನಗು ಚೆನ್ನಾಗಿದೆ, ಚೆನ್ನಾಗಿರುವುದೇ ಮೈ ಉರಿಸುತ್ತದೆ, ಮುಖ ಗಂಟಿಕ್ಕಿಕೊಂಡು ಬಂದಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು. ಗುಂಡನಿಗೆ ಬೆಲ್ಟು ಹಾಕುತ್ತಿದ್ದೇನೆ, ಅಳುಬುರುಕಿಗೆ ಹಾಕುತ್ತಿದ್ದೇನೆ, ತೆರಿಗೆಯವಳು ಎಡಗಡೆಯ ಬಾಗಿಲು ತೆಗೆದು ಬಗ್ಗಿ ಸೀಟು ಮುಟ್ಟಿದಳು, ಇಲ್ಲಿ ಒದ್ದೆ ಇದೆಯಲ್ಲ, ಬಿಸಿಯಾಗೂ ಇದೆ, ಎಂದಳು. ಹಾಲು ಚೆಲ್ಲಿತ್ತು, ಬಿಸಿನೀರಲ್ಲಿ ಒರೆಸಿದೆ, ಎಂದೆ. ಅಯ್ಯೋ, ಮಕ್ಕಳ ಕಾರು ಅಂದ್ರೆ ಹಾಗೇ, ಎಂದಳು. ನಿಮ್ಮ ಸ್ವಂತ ಮಗು ಹೇಗೆ ಹೋಗುತ್ತೆ ಮೇಡಂ ಸ್ಕೂಲಿಗೆ? ನಡ್ಕೊಂಡು, ಎಂದೆ. ದಿನಾನೂ? ದಿನಾನೂ. ಸುಳ್ಳಲ್ಲ, ಅದೇ ನನ್ನನ್ನು ಹಿಂಡುವುದು, ಸುಳ್ಳು ಹೇಳಿದ್ದರೆ ಒಳಗೆ ಒಂದು ನಿಜ ಉಳಿದಿರುತ್ತಿತ್ತು, ನಾವು ಸುಳ್ಳನ್ನೇ ನಡೆಸಿ ನಡೆಸಿ ನಿಜ ಮಾಡಿದ್ದೇವೆ, ಮಗಳ ಕಾಲಿನಲ್ಲಿ. ಸರಿ ಹಾಗಾದ್ರೆ, ಎಂದು ಅವಳು ಏನೋ ಗೀಚಿಕೊಂಡಳು, ತೊಂದರೆ ಏನೂ ಕಾಣ್ತಿಲ್ಲ, ಕಾರಿನ ಖರ್ಚು ಪೂರ್ತಿ ತೋರಿಸಬಹುದು. ಮುಗಿಯಿತು. ಇಷ್ಟೇ. ಗೆದ್ದೆ, ಭಾವ ಗೆದ್ದರು, ಸಂಜೆ ಬಂದು ನಾನು ಹೇಳಿರಲಿಲ್ಲವಾ ಎಂದು ಕಾಲು ಮೇಲೆ ಕಾಲು ಹಾಕಿ ಕೂರುತ್ತಾರೆ, ಕಾಫಿಗೆ ಸಕ್ಕರೆ ಒಂದು ಚಮಚ ಜಾಸ್ತಿ ಕೇಳುತ್ತಾರೆ, ಹಾಕುತ್ತೇನೆ, ಆಯ್ತು ಭಾವ — ಗೇಟಿನ ಸದ್ದು. ಮಗಳು. ಬ್ಯಾಗು ಹೆಗಲಿಗೆ, ಸ್ಕರ್ಟು ಒಂದು ಪಕ್ಕ ನೆರಿಗೆ ನೀಟಾಗಿ ನಿಂತಿದೆ, ಇನ್ನೊಂದು ಪಕ್ಕ ಮುದುಡಿದೆ, ಎದುರುಮನೆಯ ಮುಚ್ಚಿದ ಬಾಗಿಲು ನೋಡುತ್ತಾಳೆ, ನನ್ನನ್ನು ನೋಡುತ್ತಾಳೆ, ಷೂಸಿನವಳನ್ನು ನೋಡುತ್ತಾಳೆ, ನಿಮ್ಮ ಮಗಳಾ ಮೇಡಂ, ಎಷ್ಟು ಮುದ್ದಾಗಿದ್ದಾಳೆ, ಎನ್ನುತ್ತಾಳೆ ಷೂಸಿನವಳು, ಒಬ್ಬಳನ್ನೇ ಆ ರಸ್ತೆಯಲ್ಲಿ ಕಳಿಸುವುದು ಹೇಗೆ, ಒಂದೇ ದಿನ ಕೂರಿಸಿಕೊಂಡರೆ ಈ ತೆರಿಗೆಯವಳು ಬರೆದದ್ದನ್ನು ಹೊಡೆದುಹಾಕುತ್ತಾಳೆಯೇ, ಹಾಕಲಿ, ಹಾಕದಿರಲಿ, ಗುಂಡನ ಬೆಲ್ಟನ್ನು ಇನ್ನೊಂದು ಸಲ ಎಳೆದು ನೋಡುತ್ತೇನೆ, ಮಗಳು ತೆರೆದ ಬಾಗಿಲ ಹತ್ತಿರ ಬಂದಳು, ಒಳಗೆ ಹತ್ತಲಿಲ್ಲ, ಬಗ್ಗಿ ಕೈ ಚಾಚಿದಳು, ಗಾಳಿಗೆ ಸೀಟು ಆರುತ್ತಿದೆ, ಆರುತ್ತ ಆರುತ್ತ ಕುಸಿಯುತ್ತಿದೆ, ಗುಳಿ, ಮತ್ತೆ ಅದೇ ಗುಳಿ, ಮುಂದಿನದು, ಆಳದ್ದು, ಅದರೊಳಗೆ ಅವಳ ಮುಷ್ಟಿ ಅಳತೆ ತೆಗೆದು ಹೊಲಿದ ಹಾಗೆ ಕೂತಿದೆ, ಅಮ್ಮಾ ಒಂದು ಕೇಳ್ಲಾ, ಎನ್ನುತ್ತಾಳೆ, ಏನಿಲ್ಲ ಎನ್ನಲಿ ಎಂದು ಕಾಯುತ್ತೇನೆ, ಎನ್ನುವುದಿಲ್ಲ, ಗುಳಿಯಿಂದ ಮುಷ್ಟಿ ತೆಗೆಯುವುದಿಲ್ಲ, ಗುಳಿಯಲ್ಲಿ ಮುಷ್ಟಿ —

ಅಮ್ಮಾ, ನನ್ನನ್ನ ನೋಡ್ಕೊಳ್ಳೋಕೆ ನಿಂಗೆ ಯಾರು ದುಡ್ಡು ಕೊಟ್ರೆ ನಾನೂ ಇಲ್ಲಿ ಕೂತ್ಕೋಬಹುದು?