ಕುಡಿಯದೆ ಇಟ್ಟ ಕಾಫಿ

ನಮ್ಮಣ್ಣ ಶೇಖ್ ದೈಫಲ್ಲಾ ಕರಕ್ ಸೀಮೆಯಲ್ಲಿ ಯಾರಿಗೂ ಬಗ್ಗಿದವನಲ್ಲ. ಎದೆಯ ರಕ್ತನಾಳ ಕಟ್ಟಿಕೊಂಡಿದೆ, ರಾಜಧಾನಿ ಅಮ್ಮಾನಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳದಿದ್ದರೆ ಈ ಚಳಿಗಾಲ ದಾಟುವುದಿಲ್ಲ ಎಂದು ನಮ್ಮೂರ ಡಾಕ್ಟರ್ ರುದೈನಾ ಹೇಳಿದಾಗಲೂ, "ಸತ್ರೆ ನನ್ನ ಹಾಸಿಗೇಲೇ ಸಾಯ್ತೀನಿ" ಎಂದುಬಿಟ್ಟ. ಅತ್ತಿಗೆ ಬೇಡಿಕೊಂಡಳು, ಮಕ್ಕಳು ಅತ್ತರು, ನಾನು ಜಗಳವಾಡಿದೆ. ಯಾವುದೂ ಅವನಿಗೆ ನಾಟಲಿಲ್ಲ.

ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಗಂಡಸರ ಚಾವಡಿಯಲ್ಲಿ ಕೂತಿದ್ದೆವು. ಅತಿಥಿಗಳಿಗೆ ಕಾಫಿ ಕಾಯಿಸಿ ಕೊಡುವುದು ತಮ್ಮನಾದ ನನ್ನ ಕೆಲಸ. ಆಗ ಬಂದಳು ಡಾಕ್ಟರ್, ಊರಿನ ಹತ್ತಾರು ಹೆಂಗಸರನ್ನು ಕಟ್ಟಿಕೊಂಡು, ಮುಂಬಾಗಿಲಿನಿಂದಲೇ! ನನಗೆ ಮೈ ಉರಿದುಹೋಯಿತು. ಹೆಣ್ಣು ಕೇಳಲೋ ಕೊಲೆಗೆ ಕ್ಷಮೆ ಬೇಡಲೋ ಹಿರಿಯ ಗಂಡಸರು ಹೀಗೆ ಗುಂಪಾಗಿ ಬರುವುದುಂಟು. ಹೆಂಗಸರು ಬಂದದ್ದನ್ನು ಯಾರು ಕಂಡಿದ್ದರು? ಆದರೂ ಬಂದವರು ಅತಿಥಿಗಳು. ಎಲ್ಲರಿಗೂ ಬಟ್ಟಲು ಕೊಟ್ಟೆ.

ರುದೈನಾ ಬಟ್ಟಲನ್ನು ತುಟಿಗೆ ತರದೆ ನೆಲದ ಮೇಲಿಟ್ಟಳು. ಉಳಿದವರೂ ಇಟ್ಟರು. ಕೇಳಿದ್ದು ಸಿಗುವವರೆಗೆ ಕುಡಿಯುವುದಿಲ್ಲ ಎಂದು ಅದರರ್ಥ. ಕುಡಿಯದೆ ಎದ್ದು ಹೋದರೆ ಮನೆಯವನ ಮಾನ ಮೂರುಕಾಸಿಗೆ ಹರಾಜು.

"ಯಾವ ಹುಡುಗಿ ಬೇಕಮ್ಮಾ ಡಾಕ್ಟ್ರೇ?" ಅಣ್ಣ ನಕ್ಕ. "ನಮ್ಮನೇಲಿ ಮದುವೆಗೆ ಇರೋರು ಯಾರೂ ಉಳಿದಿಲ್ವಲ್ಲ!"

"ನಿಮ್ಮನ್ನೇ ಕೇಳೋಕೆ ಬಂದಿದೀವಿ ದೊಡ್ಡಪ್ಪಾ. ನಾಳೆ ನನ್ ಜೊತೆ ಅಮ್ಮಾನಿಗೆ ಬನ್ನಿ."

"ಅದೊಂದು ಬಿಟ್ಟು ಬೇರೇನಾದ್ರೂ ಕೇಳು."

"ಬೇರೇನೂ ಬೇಡ."

"ಎಂಥಾ ಹಟಮಾರಿ ಇವಳು!"

"ನಿಮ್ಮೂರಿನ ನೀರು ಕುಡಿದೋಳೇ ಅಲ್ವಾ?"

ಬಂದ ನಗುವನ್ನು ನುಂಗಿಕೊಂಡೆ. ನಮ್ಮ ಕಣ್ಣೆದುರೇ ಆಡು ಮೇಯಿಸಿಕೊಂಡಿದ್ದ ಹುಡುಗಿ. ಪಟ್ಟಣದ ದೊಡ್ಡ ಆಸ್ಪತ್ರೆಗಳು ಕರೆದರೂ ಹೋಗದೆ ನಮ್ಮ ಕೆಮ್ಮು, ಜ್ವರ, ಹೆರಿಗೆ ನೋಡುತ್ತ ಉಳಿದವಳು. ಈಗ ನಮ್ಮದೇ ರೀತಿಯಿಂದ ನಮ್ಮನ್ನು ಕಟ್ಟಿಹಾಕಿದ್ದಳು. ಆ ಹೊತ್ತಿನಲ್ಲಿ ನನ್ನ ಸಿಟ್ಟೆಲ್ಲ ಇಳಿದು ಅವಳ ಮೇಲೆ ಹೆಮ್ಮೆಯಾಯಿತು.

ಕಾಫಿ ತಣ್ಣಗಾಯಿತು. ಅಣ್ಣ ಗಡ್ಡ ನೀವಿಕೊಂಡ, ಬಾಗಿಲ ಕಡೆ ನೋಡಿದ, ನನ್ನನ್ನೂ ನೋಡಿದ. ನಾನು ಮುಖ ತಿರುಗಿಸಿದೆ. ಕೊನೆಗೆ, "ಕುಡಿ ಡಾಕ್ಟ್ರಮ್ಮಾ. ಕೇಳಿದ್ದು ಕೊಟ್ಟೆ" ಎಂದ.

ರುದೈನಾ ಬಟ್ಟಲು ಮುಟ್ಟಲಿಲ್ಲ.

"ಈ ಗುಂಪಿಗೆ ಹಿರಿಯಳು ನಾನಲ್ಲ ದೊಡ್ಡಪ್ಪಾ. ಆ ಮಾತು ಅವರಿಗೆ ಹೇಳಿ. ಅವರು ಕುಡಿದ ಮೇಲೇ ನಾವು."

ಹೆಂಗಸರು ಅತ್ತಿತ್ತ ಸರಿದರು. ಹಿಂದೆ ಮುಸುಕೆಳೆದುಕೊಂಡು ಕೂತಿದ್ದವಳು ನಮ್ಮತ್ತಿಗೆ ನೋಫಾ! ಬಟ್ಟಲು ಕೊಟ್ಟ ನನಗೇ ಗುರುತು ಹತ್ತಿರಲಿಲ್ಲ. ಮದುವೆಯಾಗಿ ಬಂದ ಲಾಗಾಯ್ತು ಈ ಚಾವಡಿಗೆ ಬಂದವರಿಗೆಲ್ಲ ಅನ್ನ ಬೇಯಿಸಿದವಳು ಅವಳೇ. ಒಳಗೆ ಬಂದು ಕೂತದ್ದು ಮಾತ್ರ ಅಂದೇ ಮೊದಲು.

"ನೀನಾ?" ಅಣ್ಣನ ದನಿ ಒಡೆಯಿತು. "ನಿನ್ನ ಮನೇಗೆ ನೀನೇ ಅತಿಥಿಯಾಗಿ ಬಂದ್ಯಾ?"

"ಮನೆಯವಳಾಗಿ ಕೇಳಿದಾಗ ನೀವು ಕೊಡ್ಲಿಲ್ಲವಲ್ಲ."

ಅಣ್ಣ ಎದ್ದ. ನನ್ನ ಕೈಯಿಂದ ಗಿಂಡಿ ಕಿತ್ತುಕೊಂಡು, ಏದುಸಿರು ಬಿಡುತ್ತ ಅವಳ ಮುಂದೆ ಮಂಡಿಯೂರಿದ. ತಣ್ಣಗಾದದ್ದನ್ನು ಚೆಲ್ಲಿ ಬಿಸಿ ಕಾಫಿ ಸುರಿದ.

"ಕುಡಿ ನೋಫಾ. ಬರ್ತೀನಿ."

ಬಟ್ಟಲೆತ್ತುವ ಅವಸರದಲ್ಲಿ ಅವಳು ಅರ್ಧ ಕಾಫಿ ಮಡಿಲಿಗೆ ಚೆಲ್ಲಿಕೊಂಡಳು. ಉಳಿದರ್ಧವನ್ನು ಅಳುತ್ತಳುತ್ತಲೇ ಕುಡಿದಳು.